ಪದಚರ್ಚೆ: ‘ಜೆಂಟ್ರಿಫಿಕೇಶನ್’ಗೆ ‘ಕುಲೀನೀಕರಣ’ ಒಪ್ಪುತ್ತದೆಯೇ? ‘ಒಕ್ಕಲುಪಲ್ಲಟ’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಶಾ ಮತ್ತು ಯು ಸ್ಟ್ರೀಟ್ ಸುತ್ತಲಿನ ಕಪ್ಪು ಜನರ ಕೇರಿಗಳ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ ಇರುವ ‘ಜೆಂಟ್ರಿಫಿಕೇಶನ್’ ಎಂಬ ಪದವನ್ನು ಮೂರು ದಿನವಾದರೂ ದಾಟಲಾಗಿಲ್ಲ. ಸ್ನೇಹಿತರು ಸೂಚಿಸಿದವು ಮೂರು: ಕುಲೀನೀಕರಣ, ಶಿಷ್ಟೀಕರಣ, ಮೇಲ್ವರ್ಗೀಕರಣ. ಮೂರೂ ಕಿವಿಗೆ ಶಾಸ್ತ್ರೀಯವಾಗಿ ಕೇಳಿಸುತ್ತವೆ, ಮೂರರಲ್ಲೂ ಒಂದೇ ತೊಡಕಿದೆ ಎಂದು ನನಗೆ ತೋರುತ್ತದೆ; ಅದನ್ನು ಬಳಗದ ಮುಂದಿಟ್ಟು ಅಭಿಪ್ರಾಯ ಕೇಳುವುದಕ್ಕಾಗಿ ಈ ಪತ್ರ.

ಇಂಗ್ಲಿಷಿನ ಪದವನ್ನು ಚಲಾವಣೆಗೆ ತಂದವರು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್, 1964ರಲ್ಲಿ, ಲಂಡನ್ನಿನ ಬಗ್ಗೆ ಬರೆಯುತ್ತ. ದುಡಿಯುವ ಜನರ ಬೀದಿಗಳಿಗೆ ಮಧ್ಯಮ ವರ್ಗದವರು ಬಂದು, ಸಣ್ಣ ಮನೆಗಳನ್ನು ಬೆಲೆಬಾಳುವ ನಿವಾಸಗಳನ್ನಾಗಿ ಮಾಡಿಕೊಳ್ಳುತ್ತಿದ್ದುದನ್ನು ಅವರು ಹೀಗೆ ಕರೆದರು. ‘ಜೆಂಟ್ರಿ’ ಎಂದರೆ ಹಳ್ಳಿಗಾಡಿನ ಜಮೀನ್ದಾರಿ ವರ್ಗ. ಬಂದವರು ಜಮೀನ್ದಾರರೇನೂ ಅಲ್ಲವಾದ್ದರಿಂದ ಪದದಲ್ಲಿ ಹುಟ್ಟಿನಿಂದಲೇ ಒಂದು ಕುಹಕವಿತ್ತು. ಅದಕ್ಕಿಂತ ಮುಖ್ಯವಾಗಿ, ಈ ಪ್ರಕ್ರಿಯೆ ಒಮ್ಮೆ ಶುರುವಾದರೆ ಮೊದಲಿದ್ದ ಶ್ರಮಿಕರಲ್ಲಿ ಬಹುತೇಕರು ಹೊರಬೀಳುವ ತನಕ ನಿಲ್ಲುವುದಿಲ್ಲ ಎಂಬ ಮಾತೂ ಅವರ ವಿವರಣೆಯಲ್ಲೇ ಇತ್ತು. ಅಂದರೆ ಬರುವವರ ಜೊತೆಗೆ ಹೋಗುವವರೂ ಆ ಪದದ ಅರ್ಥದೊಳಗೆ ಸೇರಿದ್ದರು.

ಈಗ ನಮ್ಮ ‘-ೀಕರಣ’ವನ್ನು ನೋಡೋಣ. ಸಂಸ್ಕೃತ ವೈಯಾಕರಣರು ಈ ರೂಪಕ್ಕೆ ‘ಅಭೂತತದ್ಭಾವ’ ಎಂಬ ಅರ್ಥ ಹೇಳುತ್ತಾರೆ. ಮೊದಲು ಹಾಗಿಲ್ಲದ್ದು ಹಾಗೆ ಆಗುವುದು ಅಥವಾ ಹಾಗೆ ಮಾಡಲ್ಪಡುವುದು. ಅವರು ಕೊಡುವ ಮಾಮೂಲಿ ಉದಾಹರಣೆ ‘ಶುಕ್ಲೀಕರೋತಿ’, ಬಿಳಿಯಲ್ಲದ್ದನ್ನು ಬಿಳಿಯಾಗಿಸುತ್ತಾನೆ. (ವಾಷಿಂಗ್ಟನ್ನಿನ ಸಂದರ್ಭದಲ್ಲಿ ಈ ಉದಾಹರಣೆ ನಗಲೂ ಬಾರದಷ್ಟು ಚೆನ್ನಾಗಿ ಹೊಂದುತ್ತದೆ.) ಹಾಗಾದರೆ ‘ಶಿಷ್ಟೀಕರಣ’ ಎಂದು ಬರೆದ ಕೂಡಲೇ ಆ ಕೇರಿ ಮೊದಲು ಶಿಷ್ಟವಾಗಿರಲಿಲ್ಲ ಎಂದು ನಾನೇ ಒಪ್ಪಿಕೊಂಡಂತಾಯಿತು. ‘ಕುಲೀನೀಕರಣ’ವಂತೂ ಇನ್ನೂ ಕೆಟ್ಟದ್ದು. ಕನ್ನಡದ ಕಿವಿಗೆ ‘ಕುಲ’ ಜಾತಿಯನ್ನು ನೆನಪಿಸದೆ ಬಿಡುವುದಿಲ್ಲ, ಹಾಗಾಗಿ ಮೊದಲಿದ್ದವರು ಕುಲಹೀನರು ಎಂಬ ಧ್ವನಿ ತಾನಾಗಿ ಹೊರಡುತ್ತದೆ.

ಆ ಧ್ವನಿ ಶಾ ಕೇರಿಯ ಮಟ್ಟಿಗೆ ಅಪ್ಪಟ ಸುಳ್ಳು. ಅದರ ಪಕ್ಕದಲ್ಲಿರುವ ಹೊವಾರ್ಡ್ ವಿಶ್ವವಿದ್ಯಾಲಯ 1867ರಲ್ಲಿ ಸ್ಥಾಪನೆಯಾದದ್ದು. ಕಪ್ಪು ವಾಸ್ತುಶಿಲ್ಪಿಯೊಬ್ಬರು ವಿನ್ಯಾಸ ಮಾಡಿದ ಟ್ರೂ ರಿಫಾರ್ಮರ್ ಕಟ್ಟಡ 1903ರಲ್ಲೂ, ಹೊವಾರ್ಡ್ ಥಿಯೇಟರ್ 1910ರಲ್ಲೂ ಎದ್ದು ನಿಂತವು. ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಬೆಳೆದದ್ದು ಇಲ್ಲಿಯೇ. ಊರಿನ ಉಳಿದೆಡೆಯ ಹೋಟೆಲು, ನಾಟಕಮಂದಿರಗಳು ಕಪ್ಪು ಜನರನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದ ಕಾಲದಲ್ಲಿ ಯು ಸ್ಟ್ರೀಟ್, ನ್ಯೂಯಾರ್ಕಿನ ರಂಗಮಂದಿರಗಳ ಬೀದಿಯ ಹೆಸರಿನಲ್ಲಿ, ‘ಬ್ಲ್ಯಾಕ್ ಬ್ರಾಡ್‌ವೇ’ ಎನಿಸಿಕೊಂಡಿತ್ತು. 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದಾಗ ಭುಗಿಲೆದ್ದ ಗಲಭೆಯಲ್ಲಿ ಅಂಗಡಿಗಳು ಸುಟ್ಟುಹೋದವು, ಆಮೇಲೆ ಎರಡು ದಶಕ ಹಣ ಹೂಡುವವರು ಅತ್ತ ತಿರುಗಿ ನೋಡಲಿಲ್ಲ, ಆದರೂ ಜನ ಅಲ್ಲಿಯೇ ಉಳಿದರು, ಚರ್ಚುಗಳನ್ನೂ ಕ್ಷೌರದಂಗಡಿಗಳನ್ನೂ ನಡೆಸಿಕೊಂಡು ಬಂದರು. 1991ರಲ್ಲಿ ಮೆಟ್ರೋ ರೈಲು ಬಂದ ಮೇಲೆ ಜಾಗದ ಬೆಲೆ ಏರತೊಡಗಿತು. 1970ರಲ್ಲಿ ಈ ನಗರದ ಜನರಲ್ಲಿ ಶೇಕಡಾ 71ರಷ್ಟಿದ್ದ ಕಪ್ಪು ಜನರ ಪಾಲು 2011ರ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿಯಿತು, 2020ರ ಜನಗಣತಿಯಲ್ಲಿ ಸುಮಾರು 41ಕ್ಕೆ ಬಂದಿತ್ತು. ಈಗ ಯು ಸ್ಟ್ರೀಟಿನಲ್ಲಿ ‘ಎಲಿಂಗ್ಟನ್’ ಎಂಬ ಹೆಸರಿನ ದುಬಾರಿ ಅಪಾರ್ಟ್‌ಮೆಂಟ್ ಇದೆ. ಸತ್ತವರ ಹೆಸರಿಗೆ ಅಲ್ಲಿ ಬಾಡಿಗೆ ಕಟ್ಟಬೇಕಾಗಿಲ್ಲವಲ್ಲ.

‘ನಗರ ನವೀಕರಣ’ ಎಂದರೆ ಸಾಲದೇ ಎಂದು ಒಬ್ಬರು ಕೇಳಿದರು. ಅದು ಬೇರೆಯದೇ ಸಂಗತಿಗೆ ಮೀಸಲಾದ ಮಾತು. ಇದೇ ವಾಷಿಂಗ್ಟನ್ನಿನ ನೈಋತ್ಯ ಭಾಗವನ್ನು 1950ರ ದಶಕದಲ್ಲಿ ಸರ್ಕಾರವೇ ಬುಲ್‌ಡೋಜರ್ ತಂದು ನೆಲಸಮ ಮಾಡಿತು. ಸುಪ್ರೀಂ ಕೋರ್ಟು 1954ರಲ್ಲಿ ಅದನ್ನು ಎತ್ತಿಹಿಡಿಯಿತು, ಸುಮಾರು 23,000 ಜನ ಮನೆ ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಇಂಥ ಯೋಜನೆಗಳನ್ನು ಕಂಡೇ ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ 1963ರ ಸಂದರ್ಶನವೊಂದರಲ್ಲಿ ‘ರಿನ್ಯೂವಲ್’ ಎಂದರೆ ‘ನೀಗ್ರೋ ರಿಮೂವಲ್’ ಎಂದದ್ದು. ಈ ಪ್ರಾಸ ಕನ್ನಡದಲ್ಲಿ ಅಯಾಚಿತವಾಗಿ ಒದಗಿಬರುತ್ತದೆ: ನಗರ ನವೀಕರಣವೆಂದರೆ ನೀಗ್ರೋ ನಿವಾರಣ. ಅನುವಾದಕನಿಗೆ ಇಂಥ ಭಾಗ್ಯ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ನೈಋತ್ಯ ಭಾಗದಲ್ಲಿ ಆದದ್ದಕ್ಕೆ ನಮ್ಮ ‘ಒಕ್ಕಲೆಬ್ಬಿಸು’ ಎಂಬ ಕ್ರಿಯಾಪದಕ್ಕಿಂತ ಒಳ್ಳೆಯದು ಬೇಕಿಲ್ಲ. ‘ಎಬ್ಬಿಸು’ ಪ್ರೇರಣಾರ್ಥಕ ರೂಪ. ಎಬ್ಬಿಸಿದವರು ಯಾರು ಎಂಬ ಪ್ರಶ್ನೆಯನ್ನು ಅದು ಕೇಳಿಯೇ ಕೇಳುತ್ತದೆ. ‘ಸ್ಥಳಾಂತರ’ ಆ ಪ್ರಶ್ನೆಯನ್ನು ನುಂಗಿಹಾಕುತ್ತದೆ, ಸರ್ಕಾರಿ ಕಚೇರಿಯೊಂದು ಎದುರಿನ ಕಟ್ಟಡಕ್ಕೆ ಹೋದಂತೆ. ಆದರೆ ಶಾ ಕೇರಿಯಲ್ಲಿ ಎಬ್ಬಿಸಿದವರನ್ನು ಬೆರಳಿಟ್ಟು ತೋರಿಸುವುದು ಕಷ್ಟ. ಮಾಲೀಕ ಕಟ್ಟಡ ಮಾರಿದ. ಮನೆಯ ಮೌಲ್ಯ ಏರಿತೆಂದು ಕಂದಾಯವೂ ಏರಿತು, ಏರಿದ ಮೌಲ್ಯ ಕೈಗೆ ಸಿಗಬೇಕಾದರೆ ಮನೆ ಮಾರಿ ಹೊರಡಲೇಬೇಕು. ಮದುವೆಯಾದ ಮಗಳಿಗೆ ಅದೇ ಬೀದಿಯಲ್ಲಿ ಮನೆ ಸಿಗಲಿಲ್ಲ. ನ್ಯೂಯಾರ್ಕಿನ ಬಗ್ಗೆ ಲ್ಯಾನ್ಸ್ ಫ್ರೀಮನ್ ಮತ್ತು ಫ್ರ್ಯಾಂಕ್ ಬ್ರಕೋನಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಬದಲಾಗುತ್ತಿರುವ ಕೇರಿಗಳ ಬಡವರು ಬೇರೆಡೆಯ ಬಡವರಿಗಿಂತ ಹೆಚ್ಚಾಗಿ ಮನೆ ಬಿಡುತ್ತಾರೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಬಾಡಿಗೆದಾರರು ಎಲ್ಲ ಊರುಗಳಲ್ಲೂ ಒಂದಲ್ಲ ಒಂದು ಕಾರಣಕ್ಕೆ ಮನೆ ಬದಲಿಸುತ್ತಲೇ ಇರುತ್ತಾರೆ. ಇಲ್ಲಿ ಆಗುವುದೇನೆಂದರೆ, ಒಬ್ಬ ಬಡವ ಬಿಟ್ಟುಹೋದ ಮನೆಗೆ ಇನ್ನೊಬ್ಬ ಬಡವ ಬರಲಾಗುವುದಿಲ್ಲ. ನಗರಯೋಜನಾ ತಜ್ಞ ಪೀಟರ್ ಮಾರ್ಕ್ಯೂಸ್ ಇದನ್ನೂ ಹೊರದೂಡುವಿಕೆಯ ಒಂದು ಬಗೆಯೆಂದೇ 1985ರಲ್ಲಿ ಎಣಿಸಿದ್ದರು. ಬಾಗಿಲು ತಟ್ಟಿ ಎಬ್ಬಿಸಿದವರು ಯಾರೂ ಇಲ್ಲ, ಹತ್ತು ವರ್ಷದ ನಂತರ ನೋಡಿದರೆ ಹಳೆಯ ಒಕ್ಕಲೂ ಇಲ್ಲ.

ಆದ್ದರಿಂದ ನನಗೆ ಹೊಳೆದದ್ದು ‘ಒಕ್ಕಲುಪಲ್ಲಟ’. ಸ್ಥಾನಪಲ್ಲಟದಲ್ಲಿರುವ ಪಲ್ಲಟವೇ ಇದು. ಬರುವವರೂ ಹೋಗುವವರೂ ಎರಡೂ ಇದರಲ್ಲಿ ಸೇರುತ್ತಾರೆ, ಕೇರಿ ಮೊದಲು ಹೇಗಿತ್ತೆಂಬ ಬಗ್ಗೆ ತೀರ್ಪೂ ಇಲ್ಲ. ಒಕ್ಕಲು ಎಂದರೆ ಹೊಲಗದ್ದೆಯ ವಾಸನೆ ಬರುತ್ತದೆ ಎಂಬ ಆಕ್ಷೇಪವನ್ನು ನಾನೇ ಮೊದಲು ಎತ್ತುತ್ತೇನೆ. ಆದರೆ ‘ಜೆಂಟ್ರಿ’ಯೂ ಹೊಲಗದ್ದೆಯದೇ ಪದ: ಅದು ಒಡೆಯನ ಹೆಸರು, ಒಕ್ಕಲು ಅವನ ಕೈಕೆಳಗೆ ಗೇಣಿಗೆ ಇದ್ದವನ ಹೆಸರು. ಇಂಗ್ಲಿಷು ಒಡೆಯನ ಕಡೆಯಿಂದ ಹೆಸರಿಟ್ಟದ್ದನ್ನು ಕನ್ನಡ ಗೇಣಿದಾರನ ಕಡೆಯಿಂದ ಇಟ್ಟರೆ ತಪ್ಪೇನು? ಹಳೇ ಮೈಸೂರಿನ ಕಡೆ ಹೊಸ ಮನೆಗೆ ಕಾಲಿಡುವುದಕ್ಕೆ ‘ಒಕ್ಕಲಾಗುವುದು’ ಎನ್ನುತ್ತಾರಾದ್ದರಿಂದ ಪೇಟೆಯ ಮನೆಗೂ ಪದ ಹೊಸತಲ್ಲ. ಕರಾವಳಿಯವರಿಗೆ ಇನ್ನೂ ಒಂದು ಅನುಕೂಲವಿದೆ. ವಾಷಿಂಗ್ಟನ್ನಿನಲ್ಲಿ 1976ಕ್ಕಿಂತ ಹಿಂದಿನ ಕಟ್ಟಡಗಳಿಗೆ ಸಾಮಾನ್ಯವಾಗಿ ಬಾಡಿಗೆ ನಿಯಂತ್ರಣವಿದೆ, ಆಮೇಲೆ ಕಟ್ಟಿದವುಗಳಿಗಿಲ್ಲ. ಮೂಲಗೇಣಿಗೂ (ಏರಿಸಲಾಗದ ಗೇಣಿಯ ಶಾಶ್ವತ ಒಕ್ಕಲುತನ) ಚಾಲಗೇಣಿಗೂ (ಒಡೆಯನ ಮರ್ಜಿಯ ಒಕ್ಕಲುತನ) ಇದ್ದ ಅಂತರ ತಿಳಿದವರಿಗೆ ಇದನ್ನು ಅಡಿಟಿಪ್ಪಣಿಯಿಲ್ಲದೆ ವಿವರಿಸಬಹುದು. ಮಾಲೀಕ ಕಟ್ಟಡ ಮಾರುವಾಗ ಕೊಳ್ಳುವ ಮೊದಲ ಅವಕಾಶ ಬಾಡಿಗೆದಾರರಿಗೇ ಸಿಗಬೇಕೆಂಬ 1980ರ ಕಾಯಿದೆಯೂ ಅಲ್ಲಿದೆ. ಹಣ ಹೊಂದಿಸಿಕೊಂಡವರು ಅದರಿಂದ ಉಳಿದಿದ್ದಾರೆ.

ಹೋಗದೆ ಉಳಿದ ಹಳಬರಿಗೆ ಆಗುವುದಕ್ಕೂ ಒಂದು ಮಾತು ಬೇಕು. ಶಾ ಕೇರಿಯ ಮೂಲೆಯೊಂದರಲ್ಲಿ ಮೊಬೈಲ್ ಅಂಗಡಿಯೊಂದು 1995ರಿಂದಲೂ ಗೋಗೋ ಎಂಬ ವಾಷಿಂಗ್ಟನ್ನಿನದೇ ಆದ ಸಂಗೀತವನ್ನು ಹೊರಗಿನ ಸ್ಪೀಕರಿನಲ್ಲಿ ಹಾಕುತ್ತಿತ್ತು. 2019ರಲ್ಲಿ ಹತ್ತಿರದ ಹೊಸ ಕಟ್ಟಡದ ಕಡೆಯಿಂದ ದೂರು ಬಂದು ಸದ್ದು ನಿಂತಾಗ ಸಾವಿರಾರು ಜನ ಬೀದಿಗಿಳಿದರು, ಸಂಗೀತ ಮರಳಿತು, ಮರುವರ್ಷ ಗೋಗೋ ನಗರದ ಅಧಿಕೃತ ಸಂಗೀತವೂ ಆಯಿತು. ಆ ಗೆಲುವಿನ ಆಚೆಗೆ ಉಳಿಯುವುದು ತನ್ನ ಜಗುಲಿಯಲ್ಲಿ ಕುಳಿತವನೇ ಹೊರಗಿನವನಾಗಿ ಕಾಣುವ ಸ್ಥಿತಿ. ಇದಕ್ಕೆ ‘ಅನ್ಯೀಕರಣ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ನಮ್ಮ ‘ಪರದೇಶಿ’ಗೆ ಬೇರೆ ದೇಶದವನು, ದಿಕ್ಕಿಲ್ಲದವನು ಎಂಬ ಎರಡೂ ಅರ್ಥಗಳಿರುವುದರಿಂದ ‘ಕೂತಲ್ಲೇ ಪರದೇಶಿಯಾಗುವುದು’ ಎಂದು ಇಟ್ಟಿದ್ದೇನೆ.

ಇನ್ನು ಸಣ್ಣ ಪುಟ್ಟವು. ಬಹುಕಾಲದ ನಿವಾಸಿಗಳಿಗೆ ‘ಮೂಲ ನಿವಾಸಿ’ ಬೇಡವೆನಿಸಿತು, ಅಮೆರಿಕದಲ್ಲಿ ಮೂಲ ನಿವಾಸಿಗಳೇ ಬೇರೆ, ‘ಹಳಬರು’ ಸಾಕು. ‘ನೆರೆಹೊರೆ’ ತೀರ ಸೌಮ್ಯ. ‘ಕೇರಿ’ಯಲ್ಲಿ ಜನರನ್ನು ಬೇರೆಯಿಟ್ಟ ಇತಿಹಾಸದ ನೋವೂ ಅಲ್ಲಿ ಬೆಳೆದ ಒಡನಾಟವೂ ಇರುವುದರಿಂದ ಅದನ್ನೇ ಬಳಸಿದ್ದೇನೆ, ಆದರೆ ಈ ಪದದಿಂದ ಅವಮಾನ ಉಂಡವರು ಬಳಗದಲ್ಲಿದ್ದರೆ ಅವರ ಮಾತು ನನ್ನ ಮಾತಿಗಿಂತ ದೊಡ್ಡದು. ‘ಕರಿಯರು’ ಎನ್ನುವುದನ್ನು ಬಿಟ್ಟು ‘ಕಪ್ಪು ಜನ’ ಎಂದಿದ್ದೇನೆ. 2020ರಿಂದ ಅಮೆರಿಕದ ಹಲವು ಪತ್ರಿಕೆಗಳು ಇಂಗ್ಲಿಷಿನ ‘ಬ್ಲ್ಯಾಕ್’ ಪದವನ್ನು ದೊಡ್ಡ ಅಕ್ಷರದಿಂದ ಆರಂಭಿಸಿ ಗೌರವ ಸೂಚಿಸುತ್ತಿವೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ, ಗೌರವವನ್ನು ‘ಜನ’ ಎಂಬ ಪದವೇ ಹೊರಬೇಕು.

ಕೊನೆಯದಾಗಿ ಕೃಷಿ ಬಲ್ಲವರಿಗೊಂದು ಕೋರಿಕೆ. ಹೀಗೆ ಕೇರಿ ಕಳೆದುಕೊಂಡವರ ಮನಸ್ಸಿಗೂ ಮೈಗೂ ಆಗುವ ಪೆಟ್ಟನ್ನು ಮನೋವೈದ್ಯೆ ಮಿಂಡಿ ಫುಲಿಲವ್ ಅವರು ತೋಟಗಾರರ ಪದವೊಂದರಿಂದ ‘ರೂಟ್ ಶಾಕ್’ ಎಂದು ಕರೆದಿದ್ದಾರೆ; ಗಿಡವನ್ನು ಕಿತ್ತು ಬೇರೆಡೆ ನೆಟ್ಟಾಗ ಅದು ಸೊರಗುವುದಕ್ಕೆ ಇರುವ ಹೆಸರು ಅದು. ‘ಬೇರಿನ ಆಘಾತ’ ಎಂದರೆ ಕಾಗದದ ಹೂವಿನಂತಾಗುತ್ತದೆ. ಮಡಿಯಿಂದ ಕಿತ್ತು ನಾಟಿ ಮಾಡಿದ ಪೈರು ಮತ್ತೆ ಬೇರು ಹಿಡಿಯುವ ತನಕ ಕೆಲವು ದಿನ ಹಳದಿಗಟ್ಟಿ ತಲೆಬಾಗಿ ನಿಲ್ಲುತ್ತದಲ್ಲ, ಆ ಸ್ಥಿತಿಗೆ ನಿಮ್ಮ ಸೀಮೆಯ ಗದ್ದೆಗಳಲ್ಲಿ ಏನೆನ್ನುತ್ತಾರೆ?