ಶಾಲೆ ಮುಂದಿನ ರಸ್ತೆ ಸಿಟಿದು, ಒಳಗಿನ ಮೈದಾನ ಸ್ಕೂಲ್ ಡಿಸ್ಟ್ರಿಕ್ಟ್‌ದು. ನಾವು ಯಾರನ್ನು ಕೇಳೋದು?

ಸೌತ್‌ಬೇ ಅಪ್ಪ:

ನಮಸ್ಕಾರ ಎಲ್ಲರಿಗೂ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ಮಗಳು ಎರಡನೇ ಕ್ಲಾಸು. ಊರಿನ ಹೆಸರು ಬೇಡ, ಸಾಂಟಾ ಕ್ಲಾರಾ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಅಂದುಕೊಳ್ಳಿ ಸಾಕು.

ಎರಡು ವಿಷಯಕ್ಕೆ ತಲೆ ಕೆಟ್ಟಿದೆ. ಒಂದು, ಶಾಲೆ ಎದುರಿನ ರಸ್ತೆ. ಬೆಳಿಗ್ಗೆ ಹಳದಿ ಕೋಟು ಹಾಕಿಕೊಂಡು, ಸ್ಟಾಪ್ ಬೋರ್ಡ್ ಹಿಡಿದು ಒಬ್ಬರು ಅಜ್ಜ ಮಕ್ಕಳನ್ನು ರಸ್ತೆ ದಾಟಿಸುತ್ತಾರೆ. ಮಧ್ಯಾಹ್ನ ಶಾಲೆ ಬಿಡುವಾಗ ಕೆಲವು ದಿನ ಇರುತ್ತಾರೆ, ಕೆಲವು ದಿನ ಇರುವುದಿಲ್ಲ. ಇಲ್ಲದ ದಿನ ಅಲ್ಲಿನ ಅವಸ್ಥೆ ನೋಡಬೇಕು. ಕಾರುಗಳು ಡಬಲ್ ಪಾರ್ಕ್ ಆಗಿರುತ್ತವೆ, ಅವುಗಳ ಸಂದಿಯಿಂದ ಪುಟ್ಟ ಮಕ್ಕಳು ಸರ್ರಂತ ಹೊರಗೆ ಬರುತ್ತಾರೆ. ಎರಡು, ಶಾಲೆಯ ಮೈದಾನ. ಸಂಜೆ ಮತ್ತು ವೀಕೆಂಡು ಗೇಟಿಗೆ ಬೀಗ. ಒಂದು ಮೈಲಿ ಆಚೆ ಇರುವ ಇನ್ನೊಂದು ಶಾಲೆಯ ಮೈದಾನದಲ್ಲಿ ಮಾತ್ರ ಜನ ಆರಾಮಾಗಿ ವಾಕಿಂಗ್ ಮಾಡುತ್ತಾರೆ.

ಪ್ರಿನ್ಸಿಪಾಲರಿಗೆ ಮೇಲ್ ಹಾಕಿದೆ. ರಸ್ತೆ ಸಿಟಿಯದ್ದು, ಅವರನ್ನು ಕೇಳಿ ಅಂದರು. ಸಿಟಿಗೆ ಹಾಕಿದರೆ ಶಾಲೆ ವಿಷಯ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಸೇರುತ್ತದೆ ಅಂದರು. ಆ ಡಿಸ್ಟ್ರಿಕ್ಟ್‌ನ ಹೆಸರು ನೋಡಿದರೆ ನಮ್ಮ ಊರಿನದ್ದೇ ಅಲ್ಲ! ನಮ್ಮ ಕಡೆ ಆದರೆ ಬಿಇಒ ಆಫೀಸಿಗೆ ಹೋಗುತ್ತೇವೆ, ಇಲ್ಲ ಶಾಸಕರ ಮನೆ ಬಾಗಿಲು ತಟ್ಟುತ್ತೇವೆ. ಇಲ್ಲಿ ಮೇಯರ್‌ಗೂ ಶಾಲೆಗೂ ಸಂಬಂಧವೇ ಇಲ್ಲವಂತೆ, ನಿಜವಾ? ಸಿಟಿಯವರೂ ಡಿಸ್ಟ್ರಿಕ್ಟ್‌ನವರೂ ಒಬ್ಬರಿಗೊಬ್ಬರು ಮಾತಾಡುವುದೇ ಇಲ್ಲವಾ? ಇನ್ನೊಂದು, ನಾನು ಎಚ್‌ಒನ್‌ಬಿ ವೀಸಾದಲ್ಲಿರುವವನು, ವೋಟಿಲ್ಲ. ನಮ್ಮ ಮಾತಿಗೆ ಬೆಲೆ ಇದೆಯಾ?

ಹಳೇ ಸನ್ನಿವೇಲ್:

ನಿಜ ಸರ್. ಇಲ್ಲಿ ಸಿಟಿ ಒಂದು ಸರ್ಕಾರ, ಸ್ಕೂಲ್ ಡಿಸ್ಟ್ರಿಕ್ಟ್ ಇನ್ನೊಂದು ಸರ್ಕಾರ. ಸಿಟಿ ಕೌನ್ಸಿಲ್‌ಗೆ ಬೇರೆ ಚುನಾವಣೆ, ಡಿಸ್ಟ್ರಿಕ್ಟ್ ನಡೆಸುವ ಸ್ಕೂಲ್ ಬೋರ್ಡ್‌ಗೆ ಬೇರೆ. ಯಾರೂ ಯಾರ ಕೈಕೆಳಗೂ ಇಲ್ಲ. ಹಾಗಾಗಿ ಮೇಯರ್ ಹತ್ತಿರ ಹೋಗಿ ಶಾಲೆಗೆ ಹೇಳಿ ಮಾಡಿಸಿ ಅಂದರೆ ಅವರು ನಗುತ್ತಾರೆ ಅಷ್ಟೆ.

ಹೆಸರಿನ ಗೊಂದಲ ಕೇಳಲೇಬೇಡಿ. ನಮ್ಮ ಸನ್ನಿವೇಲ್ ಒಂದೇ ಊರು. ಒಂದಷ್ಟು ಭಾಗ ಸನ್ನಿವೇಲ್ ಸ್ಕೂಲ್ ಡಿಸ್ಟ್ರಿಕ್ಟ್, ದಕ್ಷಿಣದ ಕಡೆ ಕೂಪರ್ಟಿನೋ ಯೂನಿಯನ್ ಅನ್ನುವ ಡಿಸ್ಟ್ರಿಕ್ಟ್, ಪೂರ್ವದ ಕಡೆ ಸಾಂಟಾ ಕ್ಲಾರಾ ಯೂನಿಫೈಡ್ ಅನ್ನುವುದು. ಎಂಟನೇ ಕ್ಲಾಸು ಮುಗಿದ ಮೇಲೆ ಬಹಳಷ್ಟು ಮಕ್ಕಳು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್‌ಗೆ ಹೋಗುತ್ತಾರೆ. ಅದಕ್ಕೂ ಕೊಲ್ಲಿಯ ಆ ಕಡೆ ದಂಡೆಯ ಫ್ರೀಮಾಂಟ್ ಊರಿಗೂ ಏನೇನೂ ಸಂಬಂಧವಿಲ್ಲ, ಆಫೀಸು ಇರುವುದು ಸನ್ನಿವೇಲ್‌ನಲ್ಲೇ. ಇನ್ನು ಕೂಪರ್ಟಿನೋ ಯೂನಿಯನ್ ಕಡೆಯಿಂದ ನೋಡಿ. ಅದರಲ್ಲಿ ಕೂಪರ್ಟಿನೋ ಜೊತೆಗೆ ಸ್ಯಾನ್ ಹೋಸೆ, ಸನ್ನಿವೇಲ್, ಸಾರಟೋಗದ ಭಾಗಗಳೂ ಸೇರಿವೆ. ಅಂದರೆ ಒಂದು ಡಿಸ್ಟ್ರಿಕ್ಟ್‌ನವರು ಮೂರು ನಾಲ್ಕು ಸಿಟಿಯ ಟ್ರಾಫಿಕ್ ಎಂಜಿನಿಯರ್‌ಗಳ ಜೊತೆ ವ್ಯವಹಾರ ಮಾಡಬೇಕು. ನಿಮ್ಮ ಮೇಲ್ ಅಲೆದಾಡಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ದುಡ್ಡಿನ ಕಥೆಯೂ ಹಾಗೆಯೇ. ಮನೆ ತೆರಿಗೆ ವಸೂಲಿ ಮಾಡುವುದು ಕೌಂಟಿ. 1978ರಲ್ಲಿ ಜನರ ಮತದಿಂದ ಪ್ರೊಪೊಸಿಷನ್ 13 ಅನ್ನುವ ಕಾನೂನು ಬಂದ ಮೇಲೆ ಮೂಲ ದರ ಶೇಕಡಾ 1ಕ್ಕೆ ಕಟ್ಟಿಹಾಕಿದ್ದಾರೆ. ಅದರಲ್ಲಿ ಸಿಟಿಗೆಷ್ಟು, ಶಾಲೆಗೆಷ್ಟು, ಕೌಂಟಿಗೆಷ್ಟು ಅನ್ನುವುದು ರಾಜ್ಯದ ಕಾನೂನಿನ ಪ್ರಕಾರ. ಕೌನ್ಸಿಲ್‌ನವರು ಈ ವರ್ಷ ಶಾಲೆಗೆ ಜಾಸ್ತಿ ಪಾಲು ಹೋಗಲಿ ಅಂತ ಬದಲಾಯಿಸುವ ಹಾಗಿಲ್ಲ. ಡಿಸ್ಟ್ರಿಕ್ಟ್‌ಗೆ ಕಟ್ಟಡಕ್ಕೆ ದುಡ್ಡು ಬೇಕಾದರೆ ಬಾಂಡ್ (ಸಾಲ) ಅಂತ ಜನರ ಮುಂದೆ ಬರಬೇಕು, ಸಾಮಾನ್ಯವಾಗಿ ಶೇಕಡಾ 55 ಮತ ಬೇಕು. ಪಾರ್ಸೆಲ್ ಟ್ಯಾಕ್ಸ್, ಅಂದರೆ ಒಂದೊಂದು ಆಸ್ತಿಗೆ ಇಷ್ಟು ಅನ್ನುವ ತೆರಿಗೆ ಆದರೆ ಮೂರರಲ್ಲಿ ಎರಡು ಪಾಲು.

ಶಾಲೆಯ ಕಟ್ಟಡದ ಪ್ಲಾನ್ ಕೂಡ ಸಿಟಿ ಪಾಸ್ ಮಾಡುವುದಿಲ್ಲ, ರಾಜ್ಯದ ಆರ್ಕಿಟೆಕ್ಟ್ ಆಫೀಸು ಮಾಡುತ್ತದೆ. ಇದಕ್ಕೊಂದು ಕಾರಣ ಇದೆ. 1933ರ ಮಾರ್ಚ್‌ನಲ್ಲಿ ಲಾಂಗ್ ಬೀಚ್ ಭೂಕಂಪದಲ್ಲಿ ಎಷ್ಟೋ ಶಾಲೆ ಕಟ್ಟಡಗಳು ಕುಸಿದವು. ಸಂಜೆ ಹೊತ್ತು, ಮಕ್ಕಳು ಒಳಗಿರಲಿಲ್ಲ, ಬಚಾವಾದರು. ಅದಾದ ತಿಂಗಳಲ್ಲೇ ಫೀಲ್ಡ್ ಆಕ್ಟ್ ಬಂತು. ಅವತ್ತಿನಿಂದ ಸರ್ಕಾರಿ ಶಾಲೆ ಕಟ್ಟಡದ ಸುರಕ್ಷತೆ ರಾಜ್ಯದ ಜವಾಬ್ದಾರಿ.

ಪಿಟಿಎ ಅಕ್ಕ:

ಅಪ್ಪಾ ಅವರೇ, ಒಂದು ಪ್ರಶ್ನೆ. ಆ ಅಜ್ಜ ಇಲ್ಲದ ದಿನ ಯಾವ ವಾರ ಅಂತ ಗಮನಿಸಿದ್ದೀರಾ? ನನಗೆ ಅನುಮಾನ, ಅದು ಮಕ್ಕಳನ್ನು ಬೇಗ ಬಿಡುವ ದಿನ ಇರಬೇಕು. ಇಲ್ಲಿ ಬಹಳ ಡಿಸ್ಟ್ರಿಕ್ಟ್‌ಗಳಲ್ಲಿ ವಾರಕ್ಕೊಂದು ದಿನ ಟೀಚರ್‌ಗಳ ಮೀಟಿಂಗ್‌ಗೆ ಅಂತ ಬೇಗ ಬಿಡುತ್ತಾರೆ. ಬೆಲ್ ಎಷ್ಟು ಹೊತ್ತಿಗೆ ಹೊಡೆಯಬೇಕು ಅಂತ ತೀರ್ಮಾನಿಸುವುದು ಡಿಸ್ಟ್ರಿಕ್ಟ್. ಆ ಅಜ್ಜನ ಥರ ರಸ್ತೆ ದಾಟಿಸುವ ಕ್ರಾಸಿಂಗ್ ಗಾರ್ಡ್‌ಗೆ ಸಂಬಳ ಕೊಡುವುದು ಬಹಳ ಕಡೆ ಸಿಟಿ, ಅದೂ ಗುತ್ತಿಗೆ ಕಂಪನಿ ಮೂಲಕ. ಗುತ್ತಿಗೆಯಲ್ಲಿ ಬರೆದಿರುವ ಗಂಟೆಗೆ ಗಾರ್ಡ್ ಬರುತ್ತಾರೆ. ಆ ಕಾಗದಕ್ಕೆ ಹೊಸ ಬೆಲ್ ಟೈಮ್ ಸೇರದೇ ಇದ್ದರೆ ಗಾರ್ಡ್ ಬರುವ ಹೊತ್ತಿಗೆ ಮಕ್ಕಳು ಮನೆಯಲ್ಲಿ ತಿಂಡಿ ತಿನ್ನುತ್ತಾ ಕೂತಿರುತ್ತಾರೆ!

ಸಿಟಿ ಮತ್ತು ಶಾಲೆ ಸಹಕಾರ ಅಂದರೆ ಮೇಯರ್, ಡಿಸ್ಟ್ರಿಕ್ಟ್‌ನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಕೈ ಕುಲುಕುವ ಫೋಟೋ ಅಲ್ಲ, ಇಂಥ ಟೈಮ್‌ಟೇಬಲ್ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುವುದು. 2022ರ ಜುಲೈನಿಂದ ರಾಜ್ಯದ ಕಾನೂನು ಬಂತು ನೋಡಿ, ಹೈಸ್ಕೂಲು 8:30ಕ್ಕೆ ಮೊದಲು, ಮಿಡಲ್ ಸ್ಕೂಲು 8ಕ್ಕೆ ಮೊದಲು ಶುರು ಮಾಡಬಾರದು ಅಂತ. ಮಕ್ಕಳ ನಿದ್ದೆಗೆ ಒಳ್ಳೆಯದೇ. ಆದರೆ ಬೆಲ್ ಒಂದು ಸಲ ಬದಲಾದರೆ ಗಾರ್ಡ್ ಗಂಟೆ, ಸಿಗ್ನಲ್ ಟೈಮಿಂಗ್, ಮಿನುಗುವ ಹಳದಿ ದೀಪ, ವಿಟಿಎ (ನಮ್ಮ ಕೌಂಟಿಯ ಸಾರಿಗೆ ಸಂಸ್ಥೆ) ಬಸ್ಸು ಎಲ್ಲವನ್ನೂ ನೋಡಿಕೊಳ್ಳಬೇಕು. ಬಸ್ಸು ಸಿಟಿಯದ್ದೂ ಅಲ್ಲ, ಡಿಸ್ಟ್ರಿಕ್ಟ್‌ದೂ ಅಲ್ಲ, ಅದು ಮೂರನೆಯವರದ್ದು.

ನೀವು ಮಾಡಬೇಕಾದ್ದು ಇಷ್ಟು. ಸಿಟಿಯಲ್ಲಿ ಸೇಫ್ ರೂಟ್ಸ್ ಟು ಸ್ಕೂಲ್ ಅನ್ನುವ, ಮಕ್ಕಳು ಸುರಕ್ಷಿತವಾಗಿ ಶಾಲೆಗೆ ಹೋಗಿಬರುವ ಕಾರ್ಯಕ್ರಮ ನೋಡಿಕೊಳ್ಳುವವರು ಯಾರು ಅಂತ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಇದು 1999ರಿಂದ ಇದೆ, ಬಹಳ ಊರುಗಳಲ್ಲಿ ಸಿಟಿಯವರು, ಶಾಲೆಯವರು, ಪೊಲೀಸರು, ಅಪ್ಪ ಅಮ್ಮಂದಿರು ಒಟ್ಟಿಗೆ ಕೂರುವ ಜಾಗ ಇದೊಂದೇ. ಸುಮ್ನೆ ಡೇಂಜರ್ ಇದೆ ಅಂತ ಬರೆಯಬೇಡಿ. ಯಾವ ಅಡ್ಡರಸ್ತೆ, ಯಾವ ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ, ಅಷ್ಟು ಬರೆದು ಪ್ರಿನ್ಸಿಪಾಲರು ಮತ್ತು ಸಿಟಿ ಟ್ರಾಫಿಕ್‌ನವರು ಇಬ್ಬರಿಗೂ ಒಂದೇ ಮೇಲ್‌ನಲ್ಲಿ ಹಾಕಿ. ಒಂದೇ ಮೇಲ್, ಇದು ಮುಖ್ಯ. ಬೇರೆ ಬೇರೆ ಹಾಕಿದರೆ ಮತ್ತೆ ಅದೇ ಚೆಂಡಾಟ.

ವೇಗದ ಬಗ್ಗೆಯೂ ಕೇಳಬಹುದು. ಮಕ್ಕಳಿರುವಾಗ ಶಾಲೆ ಹತ್ತಿರ 25 ಮೈಲಿ ಮಿತಿ ಹೇಗೂ ಇದೆ. 2008ರಿಂದ ಕೆಲವು ವಸತಿ ರಸ್ತೆಗಳಲ್ಲಿ 15ಕ್ಕೆ ಇಳಿಸಲು ಸಿಟಿಗೆ ಅಧಿಕಾರ ಇದೆ. ಡಿಸ್ಟ್ರಿಕ್ಟ್ ಕೇಳಬಹುದು ಅಷ್ಟೆ, ಮಾಡಬೇಕಾದವರು ಕೌನ್ಸಿಲ್‌ನವರು.

ಟೆನಿಸ್ ಬಾಲ್ ಗುರು:

ಮೈದಾನದ ವಿಷಯ ನಾನು ಹೇಳುತ್ತೇನೆ, ಕ್ರಿಕೆಟ್ ಆಡೋಕೆ ಜಾಗ ಹುಡುಕಿ ಹುಡುಕಿ ಇದರಲ್ಲಿ ಪಂಡಿತನಾಗಿದ್ದೇನೆ.

ಆ ಇನ್ನೊಂದು ಮೈದಾನ ತೆರೆದಿರುವುದಕ್ಕೆ ಕಾರಣ ಜಾಯಿಂಟ್ ಯೂಸ್ ಒಪ್ಪಂದ ಇರಬಹುದು. ಗದ್ದೆ ಗೇಣಿಗೆ ಕೊಟ್ಟ ಹಾಗೆ ಅಂದುಕೊಳ್ಳಿ. ಜಾಗ ಡಿಸ್ಟ್ರಿಕ್ಟ್‌ದು. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಕಸ ಎತ್ತುವುದು ಸಿಟಿಯ ಪಾರ್ಕ್ಸ್ ವಿಭಾಗ. ಅದಕ್ಕೆ ಬದಲಾಗಿ ಶಾಲೆ ಬಿಟ್ಟ ಮೇಲೆ ಊರಿನವರಿಗೆಲ್ಲ ಅದು ಪಾರ್ಕು. ಸನ್ನಿವೇಲ್‌ನಲ್ಲಿ ಇದು ಬಹಳ ಕಾಲದಿಂದ ನಡೆಯುತ್ತಿದೆ. ಕೊಲಂಬಿಯಾ ಮಿಡಲ್ ಸ್ಕೂಲ್ ಆವರಣದಲ್ಲೇ ಇರುವ ಕೊಲಂಬಿಯಾ ನೇಬರ್‌ಹುಡ್ ಸೆಂಟರ್ ನೋಡಿ, ಸಿಟಿಯವರೂ ಸನ್ನಿವೇಲ್ ಸ್ಕೂಲ್ ಡಿಸ್ಟ್ರಿಕ್ಟ್‌ನವರೂ ಸೇರಿ ಮಾಡಿದ್ದು. ಹೊಸ ಜಾಗ ಕೊಂಡು ಪಾರ್ಕ್ ಮಾಡಬೇಕಾದರೆ ಇಲ್ಲಿನ ರೇಟಿಗೆ ಯಾವ ಸಿಟಿ ಕೈಲಿ ಆಗುತ್ತದೆ ಹೇಳಿ?

ಬೀಗ ಹಾಕುವುದಕ್ಕೂ ಕಾರಣ ಇರುತ್ತದೆ. ಸೋಮವಾರ ಬೆಳಿಗ್ಗೆ ಪಿಇ ಪೀರಿಯಡ್‌ಗೆ ಮಕ್ಕಳು ಹೋದರೆ ಹುಲ್ಲಿನ ಮೇಲೆ ನಾಯಿ ಹೇತಿರುತ್ತದೆ, ಬಾಟಲಿ ಚೂರು ಬಿದ್ದಿರುತ್ತದೆ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಕೇಸು ಯಾರ ಮೇಲೆ? ಯಾರ ಇನ್ಶೂರೆನ್ಸು? ಇದನ್ನೆಲ್ಲ ಬರೆದಿಡುವುದೇ ಆ ಒಪ್ಪಂದ. ಅದರ ಹಿಂದೆ ಯಾವ ಯಾವ ಶಾಲೆ, ಯಾವ ಹೊತ್ತು, ಖರ್ಚು ಯಾರದ್ದು ಅಂತ ಪಟ್ಟಿ ಇರುತ್ತದೆ. ನಿಮ್ಮ ಸಿಟಿ ವೆಬ್‌ಸೈಟಿನಲ್ಲಿ ಆ ಪಟ್ಟಿ ಹುಡುಕಿ. ಸಿಗದಿದ್ದರೆ ಸಿಟಿ ಕ್ಲರ್ಕ್‌ಗೆ ಬರೆದು ಕೇಳಿ, ಅದು ಸಾರ್ವಜನಿಕ ದಾಖಲೆ, ಕೊಡಬೇಕು.

ಒಪ್ಪಂದ ಇಲ್ಲದಿದ್ದರೂ ಒಂದು ದಾರಿ ಇದೆ. ಸಿವಿಕ್ ಸೆಂಟರ್ ಆಕ್ಟ್ ಅಂತ ರಾಜ್ಯದ ಕಾನೂನು. ಶಾಲೆ ನಡೆಯದ ಹೊತ್ತಲ್ಲಿ ಕ್ಲಾಸ್‌ರೂಮು, ಮೈದಾನ ಸಾರ್ವಜನಿಕ ಗುಂಪುಗಳಿಗೆ ಸಿಗುತ್ತದೆ. ಅರ್ಜಿ, ಬಾಡಿಗೆ, ಇನ್ಶೂರೆನ್ಸ್ ಸರ್ಟಿಫಿಕೇಟು ಬೇಕಾಗುತ್ತದೆ. ವೀಕೆಂಡ್ ಕನ್ನಡ ಕ್ಲಾಸುಗಳಿಗೆ ರೂಮು ಸಿಗುವುದೂ ಇದೇ ರೀತಿ. ಲೆದರ್ ಬಾಲ್ ಅಂತ ಮಾತ್ರ ಅರ್ಜಿಯಲ್ಲಿ ಬರೆಯಬೇಡಿ ಗುರು 😀

ಅನುಮಾನದ ಆಸಾಮಿ:

ಎಲ್ಲರೂ ಸಹಕಾರ ಸಹಕಾರ ಅಂತಿದ್ದೀರಿ. ಹುಲ್ಲು ಕತ್ತರಿಸುವ ತನಕ ಸಹಕಾರ ಸರಿ. ಮನೆ ಕಟ್ಟುವ ವಿಷಯ ಬರಲಿ, ಆಗ ನೋಡಿ.

ದೊಡ್ಡ ಅಪಾರ್ಟ್‌ಮೆಂಟ್‌ಗೆ ಅನುಮತಿ ಕೊಡುವುದು ಸಿಟಿ, ಮಕ್ಕಳನ್ನು ಸೇರಿಸಿಕೊಳ್ಳಬೇಕಾದ್ದು ಡಿಸ್ಟ್ರಿಕ್ಟ್. ಶಾಲೆ ತುಂಬಿಹೋಗಿದೆ, ಆದ್ದರಿಂದ ಮನೆ ಬೇಡ ಅಂತ ಸಿಟಿ ಹೇಳುವ ಹಾಗಿಲ್ಲ, 1998ರ ಕಾನೂನು ಅದನ್ನು ತಡೆದಿದೆ. ಬಿಲ್ಡರ್ ಚದರಡಿಗೆ ಇಷ್ಟು ಅಂತ ಡಿಸ್ಟ್ರಿಕ್ಟ್‌ಗೆ ಫೀಸು ಕಟ್ಟಿದರೆ ಮುಗಿಯಿತು. ಈಗ ಉಲ್ಟಾ ಸಮಸ್ಯೆ. ಮನೆ ಬೆಲೆ ನೋಡಿ ಚಿಕ್ಕ ಮಕ್ಕಳಿರುವ ಸಂಸಾರಗಳು ಈ ಕಡೆ ಬರುವುದು ಕಮ್ಮಿ ಆಗಿ, ಎಷ್ಟೋ ಡಿಸ್ಟ್ರಿಕ್ಟ್‌ಗಳಲ್ಲಿ ಕ್ಲಾಸ್‌ರೂಮು ಖಾಲಿ. ಶಾಲೆ ಮುಚ್ಚಿದರೆ ಆ ಜಾಗ ಏನಾಗಬೇಕು ಅಂತ ಜಗಳ. ಡಿಸ್ಟ್ರಿಕ್ಟ್‌ಗೆ ಮಾರಿ ದುಡ್ಡು ಮಾಡುವ ಆಸೆ, ಸಿಟಿಗೆ ಪಾರ್ಕ್ ಉಳಿಸಿಕೊಳ್ಳುವ ಆಸೆ.

ನ್ಯೂಯಾರ್ಕ್ ಥರ ಮೇಯರ್ ಕೈಗೇ ಶಾಲೆ ಕೊಟ್ಟುಬಿಟ್ಟರೆ ಈ ರಗಳೆಯೇ ಇರಲ್ಲ ಅಲ್ವಾ? ಅಲ್ಲಿ 2002ರಲ್ಲೇ ಹಾಗೆ ಮಾಡಿದ್ದರು.

ಹಳೇ ಸನ್ನಿವೇಲ್:

ಅನುಮಾನದ ಆಸಾಮಿ ಅವರೇ, ಶಿಕಾಗೋದಲ್ಲೂ 1995ರಿಂದ ಮೇಯರ್ ಕೈಯಲ್ಲೇ ಇತ್ತು. ಜನಕ್ಕೆ ಸಾಕಾಯಿತು. 2024ರ ನವೆಂಬರ್‌ನಲ್ಲಿ ಮೊದಲ ಸಲ ಸ್ಕೂಲ್ ಬೋರ್ಡ್‌ಗೆ ಚುನಾವಣೆ ಮಾಡಿದರು. ಒಬ್ಬರ ಕೈಗೆ ಕೊಟ್ಟರೆ ಕೆಲಸ ಬೇಗ ಆಗಬಹುದು, ಆದರೆ ನಿಮ್ಮ ಬೀದಿಯ ಶಾಲೆ ಮುಚ್ಚುವುದೂ ಅಷ್ಟೇ ಬೇಗ ಆಗುತ್ತದೆ. ನನಗಂತೂ ಎರಡು ಬಾಗಿಲು ಇರುವುದೇ ವಾಸಿ.

ಮನೆ ವಿಷಯದಲ್ಲೂ ಬರೀ ಜಗಳ ಅಲ್ಲ. ಡೇಲಿ ಸಿಟಿಯಲ್ಲಿ ಜೆಫರ್ಸನ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ತನ್ನದೇ ಜಾಗದಲ್ಲಿ ಟೀಚರ್‌ಗಳಿಗೆ, ಸಿಬ್ಬಂದಿಗೆ 122 ಮನೆ ಕಟ್ಟಿತು. 2018ರಲ್ಲಿ ಜನ ಬಾಂಡ್‌ಗೆ ಮತ ಹಾಕಿದರು, 2022ರಲ್ಲಿ ಬೀಗದ ಕೈ ಕೊಟ್ಟರು. ಬಾಡಿಗೆ ಮಾರುಕಟ್ಟೆಗಿಂತ ಕಮ್ಮಿ. ಟೀಚರ್‌ಗಳು ಬಾಡಿಗೆ ತಾಳಲಾರದೆ ಊರು ಬಿಡುತ್ತಿದ್ದರು, ಅದು ಶಾಲೆಯ ಸಮಸ್ಯೆಯೂ ಹೌದು, ಊರಿನ ಸಮಸ್ಯೆಯೂ ಹೌದು.

ಸೌತ್‌ಬೇ ಅಪ್ಪ:

ಪಿಟಿಎ ಅಕ್ಕ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಬುಧವಾರವೇ! ಶಾಲೆಯ ಕ್ಯಾಲೆಂಡರ್ ತೆಗೆದು ನೋಡಿದೆ, ಬುಧವಾರ ಬೇಗ ಬಿಡುತ್ತಾರೆ. ಇಬ್ಬರಿಗೂ ಸೇರಿಸಿ ಒಂದೇ ಮೇಲ್ ಹಾಕಿದ್ದೇನೆ. ಟ್ರಾಫಿಕ್ ವಿಭಾಗದವರು ಗುತ್ತಿಗೆ ಗಂಟೆ ನೋಡಿ ಹೇಳುತ್ತೇವೆ ಅಂದಿದ್ದಾರೆ, ಪ್ರಿನ್ಸಿಪಾಲರು ಬೆಲ್ ಟೈಮಿಂಗ್ ಹಾಳೆ ಕಳಿಸಿದ್ದಾರೆ.

ಮೈದಾನದ ಪಟ್ಟಿಯೂ ಸಿಕ್ಕಿತು. ನಮ್ಮ ಶಾಲೆ ಅದರಲ್ಲಿ ಇಲ್ಲ. ಸೇರಿಸಿ ಅಂತ ಎಲ್ಲಿ ಕೇಳಬೇಕು? ವೋಟಿನ ವಿಷಯ ಯಾರೂ ಹೇಳಲಿಲ್ಲ.

ಪಿಟಿಎ ಅಕ್ಕ:

ವೋಟಿಲ್ಲದಿದ್ದರೂ ಮಾತಾಡಬಹುದು. ಕೌನ್ಸಿಲ್ ಮೀಟಿಂಗ್, ಬೋರ್ಡ್ ಮೀಟಿಂಗ್ ಎರಡಕ್ಕೂ ಬ್ರೌನ್ ಆಕ್ಟ್ ಅನ್ನುವ, ಇಂಥ ಮೀಟಿಂಗ್ ಜನರ ಮುಂದೆಯೇ ನಡೆಯಬೇಕು ಅನ್ನುವ ರಾಜ್ಯದ ಕಾನೂನು ಅನ್ವಯಿಸುತ್ತದೆ. ಮಾಮೂಲಿ ಮೀಟಿಂಗ್‌ನ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು, ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡಬೇಕು. ಪೌರತ್ವ, ವೀಸಾ ಯಾವುದನ್ನೂ ಕೇಳುವ ಹಾಗಿಲ್ಲ. ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತದೆ, ಬರೆದುಕೊಂಡು ಹೋಗಿ. ಅಂದಹಾಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೌರರಲ್ಲದ ಅಪ್ಪ ಅಮ್ಮಂದಿರು ಸ್ಕೂಲ್ ಬೋರ್ಡ್‌ಗೆ ವೋಟೂ ಹಾಕಬಹುದು, 2018ರಿಂದ. ನಮ್ಮ ಕೌಂಟಿಗೆ ಆ ಭಾಗ್ಯ ಇಲ್ಲ.

ಪಟ್ಟಿಗೆ ಸೇರಿಸಬೇಕಾದರೆ ಎರಡೂ ಕಡೆ ಕೇಳಬೇಕು. ಮೊದಲು ಸಿಟಿಯ ಪಾರ್ಕ್ಸ್ ಕಮಿಷನ್, ಆಮೇಲೆ ಸ್ಕೂಲ್ ಬೋರ್ಡ್. ಅಕ್ಕಪಕ್ಕದ ನಾಲ್ಕು ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಅದರಲ್ಲಿ ಮಕ್ಕಳಿಲ್ಲದ ಹಿರಿಯರೂ ಇರಲಿ, ಅವರಿಗೆ ವಾಕಿಂಗ್ ಜಾಗ ಬೇಕು, ಅವರು ತಪ್ಪದೆ ವೋಟು ಹಾಕುವವರೂ ಹೌದು. ಇಬ್ಬರ ಬಜೆಟ್ ವರ್ಷವೂ ಜುಲೈ 1ಕ್ಕೆ ಶುರು. ಮಾರ್ಚ್, ಏಪ್ರಿಲ್‌ನಲ್ಲಿ ಹೋದರೆ ಹುಲ್ಲಿನ ಖರ್ಚು ಬಜೆಟ್‌ಗೆ ಸೇರಿಸಲು ಟೈಮ್ ಇರುತ್ತದೆ. ಆಗಸ್ಟ್‌ನಲ್ಲಿ ಹೋದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ.