ಎಫ್(ಎಕ್ಸ್) ಅಂದ್ರೆ ಎಫ್ ಇಂಟು ಎಕ್ಸ್ ಅಲ್ವಾ?

ಪ್ರಶ್ನೆ: ಮೇಡಂ, ನಮಸ್ತೆ. ನನ್ನ ಮಗ ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯುಸಿ ಸೈನ್ಸ್. ಎಫ್(ಎಕ್ಸ್) = 3ಎಕ್ಸ್ + 1 ಅಂತ ಕೊಟ್ಟು ಎಫ್(2) ಕಂಡುಹಿಡಿ ಅಂದರೆ, ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ ಎಫ್ ಎಷ್ಟು ಅಂತ ಹುಡುಕುತ್ತಾ ಕೂರುತ್ತಾನೆ. ಬ್ರಾಕೆಟ್ ಅಂದ್ರೆ ಗುಣಾಕಾರ ಅಂತ ಇಷ್ಟು ವರ್ಷ ಹೇಳಿಕೊಟ್ಟಿದ್ದು ಸುಳ್ಳಾ ಅಂತ ನನ್ನನ್ನೇ ಕೇಳುತ್ತಾನೆ. ನಾನು ಓದಿದ್ದು ಕಾಮರ್ಸ್. ಏನು ಹೇಳಲಿ?

ಉತ್ತರ (ಪಿಯು ಗಣಿತ ಉಪನ್ಯಾಸಕಿ): ಹುಡುಗ ಕೇಳಿದ್ದು ಸರಿಯಾಗೇ ಇದೆ. 3(2) ಅಂದರೆ 6, ಎಫ್(2) ನೋಡೋಕೆ ಥೇಟ್ ಹಾಗೇ ಇದೆ. 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಹೀಗೆ ಬರೆಯಲು ಶುರು ಮಾಡಿದ, ಗೊಂದಲ ನಮ್ಮ ತಲೆಗೆ ಬಂತು! ಇಲ್ಲಿ ಎಫ್ ಸಂಖ್ಯೆ ಅಲ್ಲ, ಒಂದು ನಿಯಮದ ಹೆಸರು, ಅದನ್ನೇ ಫಂಕ್ಷನ್ ಅನ್ನುತ್ತೇವೆ. ಬ್ರಾಕೆಟ್ ಒಳಗಿರುವುದು ಆ ನಿಯಮಕ್ಕೆ ನಾವು ಕೊಡುವ ಸಂಖ್ಯೆ. ಎಫ್(2) = 3(2) + 1 = 7. ಅಷ್ಟೇ. ಒಂಬತ್ತನೇ ಕ್ಲಾಸಿನ ಬಹುಪದೋಕ್ತಿ ಪಾಠದಲ್ಲಿ ಪಿ(ಎಕ್ಸ್) ಬರೆದು ಪಿ(0), ಪಿ(1) ಕಂಡುಹಿಡಿದಿದ್ದನ್ನು ಅವನಿಗೆ ನೆನಪಿಸಿ, ಇದೂ ಅದೇ ಲೆಕ್ಕ.

ಬೆಂಗಳೂರಿನ ಆಟೋ ಮೀಟರ್ ತಗೊಳ್ಳಿ. 2025ರ ಆಗಸ್ಟ್‌ನಿಂದ ಜಾರಿಗೆ ಬಂದ ದರದಲ್ಲಿ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18. ದೂರ ಡಿ, ಬಾಡಿಗೆ ಎಫ್(ಡಿ). ಎಫ್(1) = 36. 5 ಕಿಲೋಮೀಟರ್ ಹೋದರೆ ಎಫ್(5) = 36 + 18 × 3 = 90.

ಈಗ ಎಫ್(ಡಿ) = 126 ಅಂದರೆ ಪ್ರಶ್ನೆಯೇ ತಿರುಗಿತು. ಬಾಡಿಗೆ ಗೊತ್ತು, ದೂರ ಗೊತ್ತಿಲ್ಲ. ಅದು 7 ಕಿಲೋಮೀಟರ್. ಎಫ್(5) ಕಂಡುಹಿಡಿ ಅನ್ನುವುದಕ್ಕೂ ಎಫ್(ಎಕ್ಸ್) = 5 ಅನ್ನುವುದಕ್ಕೂ ಇರುವ ವ್ಯತ್ಯಾಸ ಇದೇ, ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳು ಇಲ್ಲೇ ಎಡವುತ್ತಾರೆ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ, ಮೀಟರ್ ಲೆಕ್ಕ ತಕ್ಷಣ ಹತ್ತಿತು. ಆದರೆ ಎಫ್(ಎ + ಬಿ) ಬಂದಾಗ ಎಫ್(ಎ) + ಎಫ್(ಬಿ) ಅಂತ ಬಿಡಿಸುತ್ತಾನೆ. ಇನ್ನೊಂದು, ಮೈನಸ್ ಸಂಖ್ಯೆ ಕೊಟ್ಟರೆ ಉತ್ತರ ಯಾವಾಗಲೂ ತಪ್ಪು.

ಉತ್ತರ: ಮೊದಲನೆಯದಕ್ಕೂ ಆಟೋನೇ ಸಾಕು. ಒಂದೇ ಆಟೋದಲ್ಲಿ 5 ಕಿಲೋಮೀಟರ್ ಹೋದರೆ 90. 1 ಕಿಲೋಮೀಟರ್‌ಗೆ ಇಳಿದು, ಬೇರೆ ಆಟೋ ಹಿಡಿದು ಉಳಿದ 4 ಹೋದರೆ? 36 + 72, ಅಂದರೆ 108. ದೂರ ಅಷ್ಟೇ, 18 ರೂಪಾಯಿ ಜಾಸ್ತಿ. 2 ಮತ್ತು 3 ಅಂತ ಒಡೆದರೆ 36 + 54 = 90 ಬಂದುಬಿಡುತ್ತದೆ, ಅದನ್ನು ನೋಡಿ ಯಾವಾಗಲೂ ಸರಿ ಹೋಗುತ್ತದೆ ಅಂದುಕೊಳ್ಳಬಾರದು. ಎಫ್ ಅನ್ನು ಬ್ರಾಕೆಟ್ ಒಳಗೆ ಹಂಚೋಕೆ ಆಗಲ್ಲ, ಅದು ಗುಣಿಸುವ ಸಂಖ್ಯೆ ಅಲ್ಲವಲ್ಲ.

ಮೈನಸ್ ವಿಷಯಕ್ಕೆ ಒಂದು ಅಭ್ಯಾಸ ಮಾಡಿಸಿ. ಎಕ್ಸ್ ಇರುವ ಕಡೆಯೆಲ್ಲ ಮೊದಲು ಖಾಲಿ ಬ್ರಾಕೆಟ್ ಬರೆಯಲಿ, ಆಮೇಲೆ ಸಂಖ್ಯೆ ತುಂಬಲಿ. ಎಫ್(ಎಕ್ಸ್) = ಎಕ್ಸ್² − 2ಎಕ್ಸ್ ಇದ್ದರೆ ( )² − 2( ). ಒಳಗೆ −3 ಹಾಕಿ. (−3)² − 2(−3) = 9 + 6 = 15. ಬ್ರಾಕೆಟ್ ಇಲ್ಲದೆ −3² ಅಂತ ಬರೆದರೆ ಅದು −9, ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದರೂ ಸಾಮಾನ್ಯವಾಗಿ −9 ಅಂತಲೇ ಬರುತ್ತದೆ, ಹಾಗಾಗಿ ಅವನು ಅದನ್ನೇ ನಂಬಿಬಿಡುತ್ತಾನೆ. ಎಕ್ಸ್ ಜಾಗಕ್ಕೆ ಎ + 1 ಬಂದರೂ ಇದೇ ದಾರಿ: (ಎ + 1)² − 2(ಎ + 1), ಬಿಡಿಸಿದರೆ ಎ² − 1.

ಇನ್ನೊಬ್ಬರು: ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು ಅಲ್ವಾ? ಹಾಗಾದರೆ ಎಫ್(5) 90ಓ, 135ಓ? (ಮೀಟರ್ ಹಾಕಿದರೆ ಅನ್ನೋದು ಬೇರೆ ಮಾತು.)

ಉತ್ತರ: ಒಳ್ಳೆ ಪ್ರಶ್ನೆ, ಕ್ಲಾಸಿನಲ್ಲಿ ಇದನ್ನು ಯಾರೂ ಕೇಳಲ್ಲ. ಒಂದೇ ದೂರಕ್ಕೆ ಎರಡು ಬಾಡಿಗೆ ಬಂದರೆ ಅದು ಬರೀ ದೂರದ ಫಂಕ್ಷನ್ ಆಗಲ್ಲ, ಯಾಕೆಂದರೆ ಒಂದು ಸಂಖ್ಯೆ ಕೊಟ್ಟರೆ ಒಂದೇ ಉತ್ತರ ಬರಬೇಕು. ಅದಕ್ಕೆ ಹಗಲಿನದನ್ನು ಎಫ್ ಅಂತಲೇ ಇಟ್ಟುಕೊಂಡು ರಾತ್ರಿಯದಕ್ಕೆ ಬೇರೆ ಹೆಸರು ಕೊಡಿ: ಜಿ(ಡಿ) = 1.5 × ಎಫ್(ಡಿ). ಆಗ ಜಿ(5) = 135. ಆದರೆ ಬೇರೆ ಬೇರೆ ದೂರಕ್ಕೆ ಒಂದೇ ಬಾಡಿಗೆ ಇದ್ದರೆ ಪರವಾಗಿಲ್ಲ, ಎಫ್(1) ಕೂಡ 36, ಎಫ್(2) ಕೂಡ 36. ಮೊದಲು ಪ್ರಶ್ನೆ ಕೇಳಿದವರೇ, ಎಫ್(ಡಿ) = 36 ಆದರೆ ಡಿ ಎಷ್ಟು ಅಂತ ನಿಮ್ಮ ಮಗನಿಗೆ ಕೇಳಿ ನೋಡಿ. ಒಂದೇ ಸಂಖ್ಯೆ ಬರೆದರೆ ಅರ್ಧ ಮಾರ್ಕ್ಸ್ ಮಾತ್ರ.