ವಿಡಿಯೋ ಡಿಲೀಟ್ ಮಾಡಿಸಿದ ಮೇಲೂ ದೂರು ಕೊಡಬಹುದಾ?

ಶಿರಸಿ ಸೊಸೆ:
ಕಳೆದ ಭಾನುವಾರ ಮನೆಯವರೆಲ್ಲ ಗೋಕರ್ಣದ ಕಡೆ ಹೋಗಿದ್ದೆವು. ಸಮುದ್ರದಲ್ಲಿ ಮಿಂದು ಮೈಯೆಲ್ಲ ಮರಳು. ಒಂದು ಹೋಟೆಲಿನ ಹಿಂದೆ ತಗಡು ಹೊಡೆದು ಮಾಡಿದ ಬಚ್ಚಲಿತ್ತು, ಇಪ್ಪತ್ತು ರೂಪಾಯಿ ಕೊಟ್ಟು ನಾದಿನಿ ಬಟ್ಟೆ ಬದಲಿಸಲು ಹೋದಳು. ತಗಡಿಗೂ ಮಾಡಿಗೂ ನಡುವೆ ಒಂದು ಗೇಣು ಸಂದು. ಅಲ್ಲಿ ಏನೋ ಕಪ್ಪಗೆ ಅಲ್ಲಾಡಿತಂತೆ, ಹಲ್ಲಿ ಅಂದುಕೊಂಡು ಮತ್ತೆ ನೋಡಿದರೆ ಫೋನಿನ ಮೂಲೆ. ಅವಳು ಕೂಗಿದ್ದೇ ನಮ್ಮನೆಯವರು ಓಡಿ ಹುಡುಗನನ್ನು ಹಿಡಿದರು. ಹನ್ನೊಂದು ಸೆಕೆಂಡಿನ ವಿಡಿಯೋ ಇತ್ತು. ಸಿಟ್ಟಿನಲ್ಲಿ ಅವನ ಕೈಯಲ್ಲೇ ಡಿಲೀಟ್ ಮಾಡಿಸಿ, ಎರಡು ಬಿಟ್ಟು ಕಳಿಸಿದರು. ಬೈಕ್ ನಂಬರಿನ ಫೋಟೋ ಮಾತ್ರ ನಮ್ಮ ಹತ್ತಿರ ಇದೆ. ಅಷ್ಟರೊಳಗೆ ಯಾರಿಗಾದರೂ ಕಳಿಸಿದ್ದರೆ ಅಂತ ನಾದಿನಿಗೆ ನಿದ್ದೆಯೇ ಇಲ್ಲ. ಅತ್ತೆ "ಮದುವೆ ಆಗಬೇಕಾದ ಹುಡುಗಿ, ಸುಮ್ನಿರಿ" ಅನ್ನುತ್ತಾರೆ. ವಿಡಿಯೋನೇ ಇಲ್ಲ ಅಂದ್ಮೇಲೆ ಕೇಸ್ ನಿಲ್ಲುತ್ತಾ?

ಕಾಳಿ ದಂಡೆ:
ಅಕ್ಕಾ, ನಾನು ಕಾರವಾರದಲ್ಲಿ ವಕೀಲಿ ಮಾಡುವವಳು. ಕೇಸ್ ಆಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದಕ್ಕೇ ಇರುವುದು. ಹೆಣ್ಣುಮಗಳು ಯಾರೂ ನೋಡುವುದಿಲ್ಲ ಅಂತ ನಂಬಿ ಬಟ್ಟೆ ಬದಲಿಸುವಾಗ, ಮೀಯುವಾಗ ಕದ್ದು ನೋಡಿದರೂ ಅಪರಾಧ, ಚಿತ್ರ ತೆಗೆದರೂ ಅಪರಾಧ, ಹಂಚಿದರೂ ಅಪರಾಧ. ವಿಡಿಯೋ ಹರಡಲೇಬೇಕು ಅಂತ ಕಾನೂನು ಕಾಯುವುದಿಲ್ಲ. ಮೊದಲ ಸಲಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 3 ವರ್ಷ ಜೈಲು, ಮತ್ತೆ ಅದೇ ಕೆಲಸ ಮಾಡಿ ಸಿಕ್ಕಿದರೆ 3ರಿಂದ 7, ಜೊತೆಗೆ ದಂಡ. 2013ರಲ್ಲಿ ಹಳೆಯ ಐಪಿಸಿಗೆ 354ಸಿ ಅಂತ ಸೇರಿದ್ದು ಇದೇ.

ಡಿಲೀಟ್ ಮಾಡಿಸಿದ್ದು ತಪ್ಪಾಯಿತು, ಬಿಡಿ, ಆ ಹೊತ್ತಿಗೆ ಯಾರಿಗೆ ತೋಚುತ್ತದೆ. ಫೋನ್ ಪೊಲೀಸರ ಕೈಗೆ ಸಿಕ್ಕಿದರೆ ಲ್ಯಾಬಿನಲ್ಲಿ ಎಷ್ಟೋ ಸಲ ಮತ್ತೆ ಸಿಗುತ್ತದೆ, ಯಾರಿಗಾದರೂ ಕಳಿಸಿದ್ದಾನಾ ಅನ್ನುವುದೂ ಗೊತ್ತಾಗುತ್ತದೆ. ಹಾಗಾಗಿ ತಡ ಮಾಡಬೇಡಿ, ಅವನು ಫೋನೇ ಬದಲಿಸಿಬಿಟ್ಟಾನು. ಗೋಕರ್ಣಕ್ಕೇ ಹೋಗಬೇಕು ಅಂತಿಲ್ಲ, ಶಿರಸಿಯಲ್ಲೇ ಝೀರೋ ಎಫ್‌ಐಆರ್ ಕೊಡಬಹುದು. ಈ ಕಲಮಿನ ದೂರನ್ನು ನಿಮ್ಮ ನಾದಿನಿ ಹೇಳಿದರೆ ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಇಲ್ಲ ಅಂದರೆ ಕೇಳಿ, ನಾಚಿಕೊಳ್ಳಬೇಡಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮೊದಲ ಸಲದ್ದು ಜಾಮೀನು ಸಿಗುವ ಅಪರಾಧ, ಅವನು ಮರುದಿನವೇ ಊರಲ್ಲಿ ತಿರುಗಾಡಿದರೆ ಕೇಸ್ ಬಿತ್ತು ಅಂದುಕೊಳ್ಳಬೇಡಿ.

ಹೊನ್ನಾವರ ಮಾಣಿ:
ಗಂಡುಮಕ್ಕಳಿಗೆ ಹೀಗಾದರೆ? ನಾವು ಹಾಸ್ಟೆಲಿನಲ್ಲಿದ್ದಾಗ ಒಬ್ಬ ಸ್ನಾನದ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ದ. ಎಲ್ಲರೂ ನಕ್ಕರು. ಆ ಹುಡುಗ ಸೆಮಿಸ್ಟರ್ ಮುಗಿಯುವ ಮೊದಲೇ ಊರಿಗೆ ಹೋದ.

ಕಾಳಿ ದಂಡೆ:
77 ಹೆಣ್ಣುಮಕ್ಕಳಿಗೆ ಮಾತ್ರ. ಆದರೆ ಐಟಿ ಕಾಯ್ದೆಯ 66ಇ ಗಂಡು ಹೆಣ್ಣು ನೋಡುವುದಿಲ್ಲ. ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೆ, ಕಳಿಸಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದರ ತನಿಖೆ ಇನ್‌ಸ್ಪೆಕ್ಟರ್ ದರ್ಜೆಯವರೇ ಮಾಡಬೇಕು. ನಕ್ಕು ಮುಂದಕ್ಕೆ ಕಳಿಸಿದವರೂ ಸಿಕ್ಕಿಬೀಳುತ್ತಾರೆ ಮಾರಾಯಾ.

ಯಲ್ಲಾಪುರ ಹೋಂಸ್ಟೇ:
ಆ ಹೋಟೆಲಿನವನಿಗೂ ಬುದ್ಧಿ ಬೇಡವೇ? ದುಡ್ಡು ತಗೊಂಡ ಮೇಲೆ ಒಂದು ಗೇಣು ಸಂದು ಬಿಡುವುದು ಎಂಥದ್ದು. ನಮ್ಮಲ್ಲಿ ಬಚ್ಚಲ ಕಿಂಡಿಗೆಲ್ಲ ಒಳಗಿನಿಂದ ಸೊಳ್ಳೆ ಜಾಲಿ, ಹೊರಗಿನಿಂದ ತಗಡು ಹೊಡೆಸಿದ್ದೇನೆ. ಹೊಗೆ ಹೋಗುವುದಿಲ್ಲ ಅಂತ ಹೆಂಡತಿ ಬೈಯುತ್ತಾಳೆ, ಬೈಯಲಿ.

ಶಿರಸಿ ಸೊಸೆ:
ನಿನ್ನೆ ಹೋಗಿ ಕೊಟ್ಟು ಬಂದೆವು. ಬರೆದುಕೊಂಡವರು ಮಹಿಳಾ ಎಎಸ್‌ಐ. ಬೈಕ್ ನಂಬರಿನ ಫೋಟೋ ತೆಗೆದ ಫೋನನ್ನೇ ನೋಡಬೇಕು ಅಂದರು, ಮನೆಯವರು ಅದನ್ನು ತರಲು ಮತ್ತೆ ಹೊರಟರು. ಕೊನೆಗೆ ಅತ್ತೆಯೂ ಜೊತೆಗೇ ಬಂದಿದ್ದರು, ನಾದಿನಿ ಪಕ್ಕ ಬೆಂಚಿನ ಮೇಲೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ.